ಸುಮಾಳಿಗೊಂದು ಮೂಲೆ

ಕಮಲಾಪುರ ಬಿಟ್ಟು ಕಲಬುರಗಿಗೆ ಬಂದ ಹೊಸತರಲ್ಲೇ ಶಹಾಬಜಾರದ ನಮ್ಮ ಗಲ್ಲಿಯ ಮಂದಿ ಚೀರುತ್ತಿದ್ದ ನನ್ನ ಮಗಳನ್ನು ನೆಲಕ್ಕೆ ಒತ್ತಿ ಹಿಡಿದರು. ಕೈಯಲ್ಲಿ ಕಬ್ಬಿಣದ ಕೀಲಿ ತುರುಕಿ, ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಫಿಟ್ಸ್ ಬಂದಿದೆ ಎಂದುಕೊಂಡಿದ್ದರು ಪಾಪ. ಎಂಟು ವರ್ಷದ ಸುಮಾ ಇನ್ನಷ್ಟು ಚೀರಿ ತಲೆ ಬಡಿದುಕೊಂಡಳು.

ಊರಲ್ಲಿ ಹೀಗಾಗುತ್ತಿದ್ದುದು ಅಪರೂಪ. ಗದ್ದಲ ಹೆಚ್ಚಾದರೆ ಅವಳೇ ಎದ್ದು ಮನೆಯ ಹಿಂದಿನ ಕೆಂಪು ಬಾಳೆಯ ತೋಟದಲ್ಲಿ ಕೂಡುತ್ತಿದ್ದಳು. ಇಲ್ಲಿ ಒಂದೇ ಕೋಣೆ, ಗೋಡೆಯಾಚೆ ಹಿಟ್ಟಿನ ಗಿರಣಿ. ಶಾಲೆ, ಡಾಕ್ಟರು ಸಿಗುತ್ತಾರೆಂದು ಅವಳಿಗಾಗಿಯೇ ಬಂದೆವು. ಬಂದು ಅವಳ ತೋಟವನ್ನೇ ಕಳೆದೆವು.

ಜೇವರ್ಗಿ ಕಾಲೋನಿಯ ಡಾಕ್ಟರಮ್ಮ ಅದಕ್ಕೆ ಆಟಿಸಂ ಎಂಬ ಹೆಸರು ಹೇಳಿದರು. "ಇದು ಹಟ ಅಲ್ರಿ. ಹಟ ಮಾಡೋ ಹುಡುಗರು ನೀವು ನೋಡಾಕತ್ತೀರೋ ಇಲ್ಲೋ ಅಂತ ವಾರೆಗಣ್ಣಿಲೆ ನೋಡ್ತಾವ. ಈಕಿಗಿ ತಡಕೊಳ್ಳೋ ಶಕ್ತಿನೇ ತೀರಿರ್ತದ. ಬಡೀಬ್ಯಾಡ್ರಿ, ಬುದ್ಧಿ ಹೇಳಬ್ಯಾಡ್ರಿ. ತಲಿಗಿ ಪೆಟ್ಟಾಗದಂಗ ನೋಡ್ಕೊಂಡು ಮಂದಿನ್ನ ಹೊರಗ ಕಳಸ್ರಿ."

ಆಮೇಲೆ ನಾನು ಮುನ್ಸೂಚನೆ ಕಲಿತೆ. ಅವಳು ನನ್ನ ಸೆರಗಿನ ಅಂಚು ಉಜ್ಜುತ್ತ ಒಂದೇ ಸ್ವರದಲ್ಲಿ ಗುಂಯ್ ಎನ್ನತೊಡಗಿದರೆ ಬಾಗಿಲು ಮುಚ್ಚಿ, ದೀಪ ಆರಿಸಿ, ಕೌದಿಯನ್ನು ಪಕ್ಕದಲ್ಲಿಟ್ಟು ಸುಮ್ಮನೆ ಕೂಡುತ್ತಿದ್ದೆ. ಬೇಕಾದರೆ ಅವಳೇ ಹೊದ್ದುಕೊಳ್ಳುತ್ತಿದ್ದಳು. ಅಂದು ಕೀಲಿ ತಂದಿದ್ದ ಪಕ್ಕದ ಮನೆಯ ಖಾಲಾ, ಅಂದರೆ ಚಿಕ್ಕಮ್ಮ, ಹೊರಗೆ ಕಾವಲು ನಿಲ್ಲುತ್ತಿದ್ದಳು. "ಸರೀರಿ ಎಲ್ಲಾರೂ, ಹುಡುಗಿಗಿ ಸುಕೂನ್ ಬೇಕು!" ಸುಕೂನ್ ಅಂದರೆ ನೆಮ್ಮದಿ. ಆ ಗಲ್ಲಿ ನನಗೆ ಕೊಟ್ಟ ಮೊದಲ ಮಾತು ಅದು.

ಮುಂದೆ ತಮ್ಮನ ಮದುವೆಗೆ ಕಮಲಾಪುರಕ್ಕೆ ಹೋದೆವು. ಸುಮಾ ಕೂಡುತ್ತಿದ್ದ ತೋಟದಲ್ಲೇ ಅಡುಗೆಯ ಒಲೆ ಹೂಡಿದ್ದರು. ಅರಿಶಿನದ ಹೊತ್ತಿಗೆ ಸುಮಾ ಗುಂಯ್ ಎನ್ನತೊಡಗಿದಳು. ನಾನು ಬಾಜಾ ನಿಲ್ಲಿಸಿ, ಒಳಕೋಣೆಯಲ್ಲಿದ್ದ ಹೆಂಗಸರನ್ನೆಲ್ಲ ಹೊರಗೆ ಕಳಿಸಿದೆ.

"ಪ್ಯಾಟಿ ಸೇರಿ ನಮ್ಮನ್ನೇ ಹೊರಗ ಹಾಕಾಕತ್ತೀಯೇನವಾ?" ಎಂದಳು ಅತ್ತಿಗೆ.

ಸುಮಾ ಚೀರಲಿಲ್ಲ. ನನಗೆ ಅದೇ ಹಬ್ಬ, ಉಳಿದವರಿಗೆ ಮದುವೆಯ ಬಾಜಾ ನಿಂತದ್ದು ಅಪಶಕುನ.

ತಮ್ಮನ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಕರೆಯಲು ಅವನೇ ಬಂದ. ಚಹಾ ಕುಡಿದು, ಸುಮಾಳ ಕೈಗೆ ಬಾಳೆಹಣ್ಣು ಕೊಟ್ಟು, ಹೊಸ್ತಿಲಲ್ಲಿ ನಿಂತು ಮೆಲ್ಲಗೆ ಹೇಳಿದ: "ಅಕ್ಕಾ, ನೀ ಒಬ್ಬಾಕಿನ ಬಾ. ಆಕಿಗೂ ತ್ರಾಸ ಬ್ಯಾಡ." ಪ್ರೀತಿಯಿಂದಲೇ ಹೇಳಿದ. ಅದಕ್ಕೇ ಜಗಳ ತೆಗೆಯಲೂ ಆಗಲಿಲ್ಲ. ನಾನು ಹೋಗಲಿಲ್ಲ.

ನಿಮ್ಮದು ಯಾವೂರು ಎಂದು ಯಾರಾದರೂ ಕೇಳಿದರೆ ಈಗಲೂ ಬಾಯಿಗೆ ಬರುವುದು ಕಮಲಾಪುರವೇ. ಪಕ್ಕದಲ್ಲಿ ಸುಮಾ ನಿಂತಿದ್ದರೆ ಮಾತ್ರ ಶಹಾಬಜಾರ ಎನ್ನುತ್ತೇನೆ.