ಸ್ವಿಚ್ಚಿನ ಕೆಳಗಿನ ಚಪ್ಪಲಿ

ನಮ್ಮ ಅಕ್ಕನ ಮನೆಯಲ್ಲಿ ಒಂದು ಜೋಡಿ ಹವಾಯಿ ಚಪ್ಪಲಿ ಹೊಸ್ತಿಲ ಒಳಗೇ ಇತ್ತು. ದೇವರ ಮನೆಯ ಪಕ್ಕದಲ್ಲಿ, ನೀರಿನ ಮೋಟರಿನ ಸ್ವಿಚ್ಚಿನ ಕೆಳಗೆ. (ಉಳಿದ ಚಪ್ಪಲಿಗಳಿಗೆ ಹೊರಗಿನ ಕಟ್ಟೆಯೇ ಗತಿ.)

ಬ್ಯಾಡಗಿಯ ಹಳೆಯ ಮನೆ. ಸ್ವಿಚ್ಚಿನ ಕಬ್ಬಿಣದ ಡಬ್ಬಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಹಾಗಾಗಿ ಮೋಟರ್ ಹಾಕುವವರು ಆ ಚಪ್ಪಲಿ ಮೆಟ್ಟಿಕೊಳ್ಳಬೇಕು. ಮನೆಗೆ ಬಂದ ಬೀಗರಿಗೂ ಮೊದಲು ಹೇಳುತ್ತಿದ್ದುದು ಅದನ್ನೇ. ರಿಪೇರಿ ಮಾಡಿಸುವ ವಿಷಯ ಅಂತ ಯಾರಿಗೂ ಅನ್ನಿಸಿರಲಿಲ್ಲ. ಅದು ಮನೆಯ ಪದ್ಧತಿಯಾಗಿಬಿಟ್ಟಿತ್ತು.

ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ನಾನು ಅಲ್ಲಿದ್ದೆ. ಮಾಮಾ (ಅಕ್ಕನ ಗಂಡ) ಸ್ನಾನ ಮುಗಿಸಿ, ಮಡಿಯುಟ್ಟು ಪೂಜೆಗೆ ಹೊರಟಿದ್ದರು. ನಲ್ಲಿಯಲ್ಲಿ ನೀರು ನಿಂತಿತು. ಮಡಿಯಲ್ಲಿರುವವರು ಚಪ್ಪಲಿ ಮೆಟ್ಟುವುದು ಹೇಗೆ? ಮಾಮಾ ಒದ್ದೆ ನೆಲದ ಮೇಲೆ ಬರಿಗಾಲಲ್ಲೇ ನಿಂತು ಸ್ವಿಚ್ಚಿಗೆ ಕೈ ಹಾಕಿದರು.

ಕೈ ಹಿಂದೆ ಬರಲಿಲ್ಲ.

ಅವರು ಕೂಗಲೂ ಇಲ್ಲ. ಸಿನಿಮಾದಲ್ಲಿ ತೋರಿಸುವಂತೆ ಕಿಡಿಯೂ ಹಾರಲಿಲ್ಲ. ಹಲ್ಲು ಕಚ್ಚಿಕೊಂಡು, ಗೋಡೆಗೆ ಅಂಟಿದಂತೆ ನಿಂತು ನಡುಗುತ್ತಿದ್ದರು. ನಾನು ಓಡಿಹೋಗಿ ಅವರ ಭುಜ ಹಿಡಿಯಲು ಕೈ ಚಾಚಿದೆ.

"ಮುಟ್ಟಬ್ಯಾಡ," ಅಂದವಳೇ ಅಕ್ಕ ನನ್ನನ್ನು ಪಕ್ಕಕ್ಕೆ ನೂಕಿದಳು. ಮೊದಲು ನನ್ನನ್ನು. ಆಮೇಲೆ ದೇವರ ಮುಂದಿದ್ದ ಒಣ ಮರದ ಮಣೆ ಎತ್ತಿ, ಮಾಮಾನ ಮುಂಗೈಗೆ ಒಂದೇ ಏಟು ಹಾಕಿದಳು. ಕೈ ಬಿಟ್ಟಿತು. ಮಾಮಾ ಕುಸಿದರು. ಅಕ್ಕ ಪಡಸಾಲೆಗೆ ಓಡಿ ಮೇನ್ ಆಫ್ ಮಾಡಿ ಬಂದಳು.

ಗಂಡನ ಜೀವ ಕಣ್ಣೆದುರೇ ಹೋಗುತ್ತಿರುವಾಗ, ಮೊದಲು ತಮ್ಮನನ್ನು ತಡೆಯಬೇಕು ಎಂದು ಎಷ್ಟು ಜನರಿಗೆ ಹೊಳೆದೀತು?

ಹಾವೇರಿಯ ದವಾಖಾನೆಯಲ್ಲಿ ಮಾಮಾನನ್ನು ಸಂಜೆಯತನಕ ಇಟ್ಟುಕೊಂಡು, ಏನೂ ಆಗಿಲ್ಲವೆಂದು ಕಳಿಸಿದರು. ಮಾಮಾ ಊದಿದ ಮುಂಗೈ ಸವರಿಕೊಳ್ಳುತ್ತ, "ಎಷ್ಟ ಜೋರ ಹೊಡದಿಯಲ್ಲ," ಅಂದರು.

"ಮದುವಿ ಆದಾಗಿಂದ ಕಾಯಾಕತ್ತಿದ್ದೆ. ಇವತ್ತ ಚಾನ್ಸ್ ಸಿಕ್ತು ನೋಡ್ರಿ."

ನಗುತ್ತಲೇ ಅಂದಳು. ಆದರೆ ಮನೆಗೆ ಬಂದವಳು ಮೇನ್ ಹಾಕಲಿಲ್ಲ.

"ಆ ಚಪ್ಪಲಿ ಬದಲಿ ಕಟ್ಟಿಗಿ ಹಾವಿಗಿ ಒಂದ ಜೋಡ ತಂದಿಟ್ರ ಆತು. ಮಡಿಗೂ ನಡೀತೈತಿ," ಎಂದರು ಮಾಮಾ. "ಲಗೂ ಮೇನ್ ಹಾಕ. ಮ್ಯಾಚ್ ಐತಿ."

"ಮ್ಯಾಚ್ ಅಂಗಡ್ಯಾಗ ನಿಂತ ನೋಡ್ರಿ. ವೈರಿಂಗ್ ಬದಲಾಗೂತನಕ ಈ ಮನ್ಯಾಗ ಕರೆಂಟ್ ಇಲ್ಲ."

ಮರುದಿನ ರಾಣೆಬೆನ್ನೂರಿನ ಎಲೆಕ್ಟ್ರಿಷಿಯನ್ ಬಂದು ಗೋಡೆ ಒಡೆದ. ಸೋರಿದ ಕರೆಂಟನ್ನು ಭೂಮಿಗೆ ಇಳಿಸಬೇಕಾದ ಅರ್ಥಿಂಗ್ ತಂತಿ ಗೋಡೆಯ ಗಿಲಾವಿನೊಳಗೆ ಅರ್ಧಕ್ಕೇ ತುಂಡಾಗಿತ್ತು. ಇಷ್ಟು ವರ್ಷ ಮನೆಮಂದಿಯೆಲ್ಲ ನಂಬಿದ್ದು ಸವೆದ ರಬ್ಬರನ್ನು.

ಅಕ್ಕ ಕತ್ತಲಲ್ಲಿ ಅಡುಗೆ ಮಾಡಿದಳು, ಬಾವಿಯ ನೀರು ಸೇದಿದಳು, ಮಾಮಾನ ಗೊಣಗಾಟವನ್ನೂ ಕೇಳಿಸಿಕೊಂಡಳು. ಹೊಸ ತಂತಿ ಬರುವತನಕ ಮೇನ್ ಬಳಿ ಯಾರನ್ನೂ ಬಿಡಲಿಲ್ಲ. ಮಣೆ ಎತ್ತಿದ್ದಕ್ಕಿಂತ ಇದೇ ದೊಡ್ಡ ಧೈರ್ಯ ಅನ್ನಿಸುತ್ತದೆ ನನಗೆ.

ಕೆಲಸ ಮುಗಿದ ಮೇಲೆ ತಾನೇ ಮೇನ್ ಹಾಕಿ, ಡಬ್ಬಿಗೆ ಟೆಸ್ಟರ್ ಹಚ್ಚಿಸಿ ನೋಡಿದಳು. ಆಮೇಲೆ ಆ ಚಪ್ಪಲಿಗಳನ್ನು ಎತ್ತಿಕೊಂಡು ಹೋಗಿ, ಹೊರಗಿನ ಕಟ್ಟೆಯ ಮೇಲೆ ಉಳಿದವುಗಳ ಜೊತೆ ಇಟ್ಟಳು.

ನಿಮ್ಮ ಮನೆಯಲ್ಲಿ ಯಾವ ಸ್ವಿಚ್ಚಿನ ಕೆಳಗೆ ಚಪ್ಪಲಿ ಇದೆ?