ಕ-ಏಳು ಎಂಬ ಹೆಸರು

ಆಕೆ ನನಗೆ ‘ಇದನ್ನ ಬರಕೋಬ್ಯಾಡ್ರಿ’ ಅಂದಿದ್ದಳೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಒಮ್ಮೊಮ್ಮೆ ಆ ಮಾತು ಆಕೆಯ ದನಿಯಲ್ಲೇ ಕೇಳಿಸುತ್ತದೆ. ಕೆಲವು ದಿನ, ಅದು ತಪ್ಪು ಮಾಡಿದ ಮನಸ್ಸು ಆಮೇಲೆ ಹುಟ್ಟಿಸಿಕೊಂಡ ಮಾತು ಅನ್ನಿಸುತ್ತದೆ. ಗಿರಣಿ ಓಡುತ್ತಿತ್ತು, ಸದ್ದು ಜೋರಾಗಿತ್ತು. ಇಷ್ಟಂತೂ ನಿಜ.

ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಆಕೆ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಗಿರಣಿಯ ಕೆಲಸ ಆಕೆಯ ಪಾಲಿಗೆ ಬಂದಿತ್ತು, ಯಜಮಾನಿಕೆ ಮೈದುನನ ಪಾಲಿಗೆ. ನಾನು ಆಗ ವಿಶ್ವವಿದ್ಯಾಲಯದ ಸಂಶೋಧನಾ ಯೋಜನೆಯೊಂದರಲ್ಲಿದ್ದೆ. ಮನೆಮಂದಿಯೆಲ್ಲ ಒಂದೇ ಮೊಬೈಲು ಬಳಸುವ ಕಡೆ ಹೆಂಗಸರು ತಮ್ಮ ಗುಟ್ಟನ್ನು ಹೇಗೆ ಕಾಪಾಡಿಕೊಳ್ಳುತ್ತಾರೆ ಎಂಬುದು ವಿಷಯ. ಪಾಸ್‌ವರ್ಡು, ಬೆರಳಚ್ಚು, ಗೂಢಲಿಪಿ ಎಂದು ನಮ್ಮ ಶಾಸ್ತ್ರ ಹೇಳುವುದೆಲ್ಲ ಒಬ್ಬರಿಗೊಂದು ಮೊಬೈಲು ಇದೆ ಎಂದು ನಂಬಿಕೊಂಡು ಹೇಳುವುದು. ಮೈದುನ ಕೈಚಾಚಿ ‘ತೋರ್ಸು’ ಅಂದಾಗ ಅದ್ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಆಕೆ ಕಂಡುಕೊಂಡಿದ್ದ ಉಪಾಯ ಯಾವ ಪ್ರಯೋಗಶಾಲೆಯಲ್ಲೂ ಹುಟ್ಟುವಂಥದ್ದಲ್ಲ. ಗಿರಣಿಯ ಮೂಲೆಯಲ್ಲಿ ಖಾರ ಕುಟ್ಟುವ ಮಷೀನು ಇತ್ತು. ಅದರ ಕೆಳಗಿನ ತಗಡಿನ ಡಬ್ಬಿಯಲ್ಲಿ ಒಂದು ಕೀಪ್ಯಾಡ್ ಮೊಬೈಲು. ಕೈ ಉರಿಯುತ್ತದೆಂದು ಅಲ್ಲಿ ಯಾರೂ ಕೈ ಹಾಕುತ್ತಿರಲಿಲ್ಲ. ಗಿರಣಿ ಭರ್ರನೆ ಓಡುವಾಗ ಅದನ್ನು ತೆಗೆದು, ಸೆರಗಿನಿಂದ ಒರೆಸಿ, ಮಗಳ ನಂಬರು ಕೂಡಿಸಿಟ್ಟಿದ್ದ ಎರಡನೇ ಗುಂಡಿ ಒತ್ತಿ ಹಿಡಿದು ಮಗಳೊಂದಿಗೆ ಮಾತಾಡುತ್ತಿದ್ದಳು. ಮಗಳು ಬೇರೆ ಜಾತಿಯವನನ್ನು ಮದುವೆಯಾಗಿ, ತಾಯಿಗೆ ಬಿಟ್ಟು ಮನೆಯಲ್ಲಿ ಯಾರಿಗೂ ತಿಳಿಸದೆ, ಸಂಡೂರಿನಲ್ಲಿದ್ದಳು. ಅಳಿಯ ಅದಿರಿನ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಗುಮಾಸ್ತ. ಮಗಳೊಂದಿಗೆ ಮಾತಾಡಿದವರು ಈ ಮನೆಗೆ ಹೊರಗು ಎಂದು ಮೈದುನ ಕಟ್ಟಪ್ಪಣೆ ಮಾಡಿದ್ದ. ನಾನು ಹೋದಾಗ ಮಗಳು ಮೂರು ತಿಂಗಳ ಬಸುರಿ.

ಖಾರಕ್ಕೆ ಕಿವಿ ಉರಿಯುವುದಿಲ್ಲವೇ ಎಂದು ಕೇಳಿದೆ.

‘ಉರೀತೈತ್ರಿ. ಉರಿ ಹತ್ತೂದ್ರಾಗ ಮಾತು ಮುಗಿದಿರ್ತಾವ,’ ಅಂದಳು.

ಹೊರಡುವ ಮುಂಚೆ ಆಕೆ ಆ ಮೊಬೈಲನ್ನು ನನ್ನ ಕೈಗಿಟ್ಟು, ಮಗಳ ನಂಬರು ಅದರಲ್ಲಿ ಸರಿಯಾಗಿ ಕೂತಿದೆಯೇ ನೋಡಿ ಅಂದಳು. ಅಂಕಿಗಳನ್ನು ಗಟ್ಟಿಯಾಗಿ ಓದಿ ಹೇಳಿದೆ. ನನ್ನ ರೆಕಾರ್ಡರು ಇನ್ನೂ ಚಾಲೂ ಇತ್ತು.

ವರದಿಯಲ್ಲಿ ಆಕೆಯ ಹೆಸರು ಹಾಕಲಿಲ್ಲ. ನಿಯಮದಂತೆ ಒಂದು ಸಂಕೇತ ಕೊಟ್ಟೆ: ಕ-ಏಳು. ಕಮಲಾಪುರ ಸೀಮೆಯಲ್ಲಿ ನಾನು ಮಾತಾಡಿಸಿದ ಏಳನೆಯವಳು. ಹೆಸರು ತೆಗೆದ ಮಾತ್ರಕ್ಕೆ ಮನುಷ್ಯರು ಮರೆಯಾಗುವುದಿಲ್ಲ, ವಯಸ್ಸು, ಕಸುಬು, ಊರು ಸೇರಿದರೆ ಸಾಕು ಸಿಕ್ಕಿಬೀಳುತ್ತಾರೆ, ಇದನ್ನು ತಡೆಯುವುದು ಹೇಗೆಂದು ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ ಎಂದು ತರಗತಿಯಲ್ಲಿ ಪಾಠ ಮಾಡುತ್ತಿದ್ದವನು ನಾನೇ. ಆದರೂ ಗಿರಣಿ, ಖಾರದ ಮಷೀನು, ಸಂಡೂರು, ವೇಬ್ರಿಡ್ಜು, ಎಲ್ಲ ಬರೆದೆ. ಓದುವವರು ದೂರದ ವಿದ್ವಾಂಸರು ಎಂದುಕೊಂಡಿದ್ದೆ. ಆ ಭಾಗ ಚೆನ್ನಾಗಿ ಬಂದಿದೆ ಎಂಬ ಹೆಮ್ಮೆಯೂ ಇತ್ತು.

ವರದಿಯ ಕನ್ನಡ ಸಾರಾಂಶವನ್ನು ಹೊಸಪೇಟೆಯ ಒಂದು ಸಭೆಯಲ್ಲಿ ಹಂಚಿದೆವು. ಅದು ವಾಟ್ಸಾಪ್ ಹತ್ತಿ ನನಗಿಂತ ಮುಂಚೆಯೇ ಆ ಹಳ್ಳಿ ಮುಟ್ಟಿತ್ತು. ನನಗದು ಗೊತ್ತಿರಲಿಲ್ಲ. ಸಂದರ್ಶನವಾಗಿ ಐದು ತಿಂಗಳ ಮೇಲೆ, ಆಕೆಗೂ ಒಂದು ಪ್ರತಿ ಕೊಡೋಣವೆಂದು ಬೀಗುತ್ತ ಹೋದೆ.

ಗಿರಣಿಯ ಕಟ್ಟೆಯ ಮೇಲೆ ಮೈದುನ ಕೂತಿದ್ದ. ನಾಲ್ಕೈದು ಜನ ಹಿಟ್ಟಿಗೆ ಕಾಯುತ್ತಿದ್ದರು. ಆಕೆ ಜೋಳ ಸುರಿಯುತ್ತಿದ್ದಳು, ತಲೆ ಎತ್ತಲಿಲ್ಲ.

‘ಬರ್ರಿ ಸರ, ಕುಂದ್ರಿ,’ ಅಂದ ಮೈದುನ. ‘ನಿಮ್ಮ ಬರವಣಿಗಿ ಭಾಳ ಮಸ್ತ್ ಐತಿ. ನಾವಿಲ್ಲಿ ದಿನಾ ಓದ್ತೀವಿ.’

ಮೊಬೈಲು ತೆಗೆದು ಓದತೊಡಗಿದ. ನನ್ನ ವಾಕ್ಯಗಳೇ. ಸೆರಗು, ಗುಂಡಿ, ಉರಿಯುವ ಕಿವಿ. ಒಬ್ಬ ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಚೀಲ ಹಿಡಿದು ನಿಂತವನೊಬ್ಬ, ‘ಕ-ಏಳವ್ವ, ನಮ್ದು ಸಣ್ಣಗ ಬೀಸು, ಬರಕೊಳ್ಳಾವ್ರು ಬಂದಾರ,’ ಅಂದ. ಎಲ್ಲರೂ ನಕ್ಕರು. ಊರು ಈಗ ಆಕೆಯನ್ನು ಹಾಗೇ ಕರೆಯುತ್ತದೆ ಎಂದು ಮೈದುನ ಖುಷಿಯಿಂದ ತಿಳಿಸಿದ. ಆ ಕೀಪ್ಯಾಡ್ ಮೊಬೈಲನ್ನು ಅವನೇ ಕಲ್ಲಿನ ಮೇಲಿಟ್ಟು ಜಜ್ಜಿದ್ದನಂತೆ, ಸಿಮ್ಮನ್ನೂ ಬಿಡದೆ. ನನಗೆ ಚಹಾ ತರಿಸಿದ. ನಾನು ಕುಡಿದೆ. ತಂದಿದ್ದ ಪ್ರತಿಯನ್ನು ಯಾರ ಕೈಗೆ ಕೊಟ್ಟೆನೋ ನೆನಪಿಲ್ಲ. ಅವನಿಗೇ ಇರಬೇಕು.

ಹೊರಗೆ ಬಂದಾಗ ಆಕೆ ಕಸ ಚೆಲ್ಲುವ ನೆಪದಲ್ಲಿ ಹಿಂದೆಯೇ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

‘ಸರ, ಅವತ್ತು ಮಗಳ ನಂಬರ ಓದಿದ್ರಲ್ಲ, ನಿಮ್ಮ ಮಷೀನ್ಯಾಗ ಇರಬೇಕಲ್ರಿ. ನನಗ ಬಾಯಿಪಾಠ ಇಲ್ರಿ. ಆಕಿಗೆ ದಿನ ತುಂಬಾಕ ಬಂದಾವ.’

ನಾನು ವಿವರಿಸಿದೆ. ಮಾಹಿತಿ ಕೊಟ್ಟವರ ಖಾಸಗಿತನ ಕಾಪಾಡಲು ಎಲ್ಲ ಧ್ವನಿಮುದ್ರಣವನ್ನೂ ಅಳಿಸಬೇಕೆಂಬ ನಿಯಮವಿದೆ. ಅಳಿಸಿದ್ದೇವೆ, ಯಾರೂ ಮತ್ತೆ ತೆಗೆಯಲಾರದಂತೆ ಅಳಿಸಿದ್ದೇವೆ.

‘ನನ್ನ ಸಲುವಾಗಿ ಅಳಿಸೀರೇನ್ರಿ?’ ಅಂದಳು.

ಹೌದು ಅಂದೆ. ಆಕೆ ಒಳಗೆ ಹೋದಳು.

ಮರುದಿನ ಸಂಡೂರಿಗೆ ಹೋದೆ. ನಂಬರು ತಂದುಕೊಟ್ಟರೆ ಎಲ್ಲ ಸರಿಹೋದೀತೆಂಬ ಆಸೆ. ಕೈಯಲ್ಲಿದ್ದದ್ದು ಎರಡೇ ಸುಳಿವು: ವೇಬ್ರಿಡ್ಜಿನ ಗುಮಾಸ್ತ, ಕಂಪ್ಲಿ ಕಡೆಯ ಹೆಂಡತಿ. ಎರಡನೇ ಚಹಾ ಅಂಗಡಿಯವನೇ ಮನೆ ತೋರಿಸಿಬಿಟ್ಟ. ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

‘ಮನಿ ಬಿಟ್ಟು ಹೋದ್ರು. ಎಲ್ಲಿಗಂತ ನಮಗೂ ಹೇಳಲಿಲ್ಲ, ನಂಬರೂ ಬದಲಿ ಮಾಡ್ಯಾರ. ಹೋದ ವಾರ ಒಬ್ಬಾತ ನಿಮ್ಮಂಗ ಕೇಳಿಕೋಂತ ಬಂದಿದ್ದ, ಮೊಬೈಲ್ ನೋಡಿಕೋಂತ. ಬಾಗಿಲ ಮುಂದ ನಿಂತು ಭಾಳ ಕೆಟ್ಟ ಮಾತಾಡಿದ. ತುಂಬಿದ ಬಸುರಿ, ಅಂಜಿಬಿಟ್ಲು. ನೀವೂ ಅವರ ಕಡಿಯವರೇನ್ರಿ?’

ಇದನ್ನು ಹೇಳಲು ಗಿರಣಿಗೆ ಮರಳಿ ಹೋಗಬೇಕಿತ್ತು. ಹೋಗಲಿಲ್ಲ. ಮಗು ಹುಟ್ಟಿರಬೇಕು. ಅಜ್ಜಿಗೆ ಸುದ್ದಿ ಮುಟ್ಟಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಊರಿನ ಹೆಸರು ಬರೆಯಿಸಿದವರು ನನ್ನ ಮಾರ್ಗದರ್ಶಕರು, ವಿವರ ಬೇಕೆಂದು ಹಟ ಹಿಡಿದವರು ಅವರು ಎಂದು ಬಹಳ ದಿನ ನಂಬಿದ್ದೆ. ಕೇಳಿದವರಿಗೂ ಹಾಗೇ ಹೇಳಿದ್ದೆ. ಕೊನೆಗೊಮ್ಮೆ ಕರಡಿನ ಹಳೆಯ ಆವೃತ್ತಿಗಳನ್ನು ತೆರೆದು ನೋಡಿದೆ. ಯಾರು ಯಾವ ಪದ ಮುಟ್ಟಿದರೆಂಬುದು ಅದರಲ್ಲಿ ಉಳಿದಿರುತ್ತದೆ. ಅವರು ಸಂಡೂರು, ವೇಬ್ರಿಡ್ಜು ಎರಡನ್ನೂ ಹೊಡೆದುಹಾಕಿ, ಪಕ್ಕದಲ್ಲಿ ‘ಇಲ್ಲಿ ಊರು ಬೇಡ’ ಎಂದು ಬರೆದಿದ್ದರು. ಮರುದಿನ ಬೆಳಿಗ್ಗೆ ಆ ಎರಡು ಪದಗಳನ್ನು ಮತ್ತೆ ಸೇರಿಸಿದವನು ನಾನು.