ಪ್ಯಾಕಿಂಗ್ ವಿಭಾಗದ ಹಾಡು ಮೊದಲ ಸ್ಥಾನಕ್ಕೇರಿದ ಶುಕ್ರವಾರ

ಸೂರ್ಯೋದಯಕ್ಕೆ ಮುನ್ನ ಮಿಂದು, ವಿಭೂತಿ ಧರಿಸಿ, ಇಷ್ಟಲಿಂಗಕ್ಕೆ ಕೈಮುಗಿಯುವವಳು. ಕೈಯ ಕಾಯಕವನ್ನು ಪೂಜೆಯೆಂದೇ ಬಗೆದು ಒಂದು ಡಬ್ಬಿಯ ಮುಚ್ಚಳವನ್ನೂ ಓರೆಯಾಗಿ ಕೂರಿಸದವಳು. ಬುತ್ತಿಯ ರೊಟ್ಟಿಯಲ್ಲಿ ಪಕ್ಕದವಳಿಗೆ ಅರ್ಧ ಮುರಿದಿಟ್ಟ ಬಳಿಕವೇ ತುತ್ತನ್ನೆತ್ತುವವಳು. ಬೈಗುಳಕ್ಕೆ ನಗೆಯನ್ನೂ ನಗೆಗೆ ಹಾಡನ್ನೂ ಮರಳಿಸುವವಳು. ಇಂಥವಳು ಪೀಣ್ಯದ ಬೇರಿಂಗ್ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದ ಮಹಾನಂದಾ. ಹುಟ್ಟಿದ್ದು ಯಾದಗಿರಿಯ ಕಡೆ; ಗಂಡ ಬಸಲಿಂಗನೊಡನೆ ಈಗ ಚಿಕ್ಕಬಾಣಾವರದ ಬಾಡಿಗೆ ಕೋಣೆಯಲ್ಲಿ ವಾಸ.

ತಾಯಿ ದೇವಕ್ಕ ಕಳೆ ಕೀಳುತ್ತ ಕಲಿಸಿದ ಹಾಡೊಂದನ್ನು ಅವಳು ಡಬ್ಬಿ ಮುಚ್ಚುವ ಯಂತ್ರದ ತಾಳಕ್ಕೆ ಹಾಡುತ್ತಿದ್ದಳು. ಜೊತೆಯಲ್ಲಿ ದುಡಿಯುವ ಸಂಗಮೇಶ್ ಅದನ್ನು ಮೊಬೈಲಿನಲ್ಲಿ ಹಿಡಿದು ಪರಿಚಯದ ಸ್ಟುಡಿಯೋಗೆ ಕೊಟ್ಟ. ಅವರು ಅವಳಿಂದ ಮತ್ತೊಮ್ಮೆ ಹಾಡಿಸಿ, ಡೊಳ್ಳು, ಕೀಬೋರ್ಡ್ ಸೇರಿಸಿ ಬಿಡುಗಡೆ ಮಾಡಿದರು. ಹಾಡು ಆ್ಯಪೊಂದರ ಐವತ್ತು ಜನಪ್ರಿಯ ಕನ್ನಡ ಗೀತೆಗಳ ದಿನಪಟ್ಟಿಯನ್ನು ಹೊಕ್ಕಿತು. ಸ್ಟುಡಿಯೋದವರು ಆಗ ಒಂದು ಮಾತು ಕೊಟ್ಟರು: ತಿಂಗಳು ಮುಗಿಯುವುದರೊಳಗೆ ಒಂದು ದಿನವಾದರೂ ಮೊದಲ ಸ್ಥಾನ ಬಂದರೆ ದೇವಕ್ಕನ ಹಾಡುಗಳನ್ನೆಲ್ಲ ಆಕೆಯ ಸ್ವಂತ ಕಂಠದಲ್ಲೇ ಧ್ವನಿಮುದ್ರಿಸುವುದಾಗಿ. ಎಪ್ಪತ್ತು ದಾಟಿದ ತಾಯಿಯ ದನಿ ಉಳಿಯಬೇಕೆಂಬುದೇ ಮಗಳ ಹಂಬಲ. ತಿಂಗಳ ಕೊನೆಯ ದಿನ ಶುಕ್ರವಾರ.

ವಿಭಾಗದ ಮೇಲ್ವಿಚಾರಕ ಲಕ್ಷ್ಮಯ್ಯನವರು ತುಂಬಿದ ಪೆಟ್ಟಿಗೆಗಳ ಸಂಖ್ಯೆಯನ್ನು ದಿನವೂ ಗೋಡೆಯ ಹಲಗೆಯಲ್ಲಿ ಬರೆಯುವವರು. ಅದರ ಕೆಳಗೆ ಹಾಡಿನ ಸಂಖ್ಯೆಯನ್ನೂ ಬರೆಯತೊಡಗಿದರು. ಬುಧವಾರ ಎರಡು, ಗುರುವಾರ ಹದಿನಾಲ್ಕು. ಮಹಾನಂದಾ ಕಣ್ಣೊರೆಸಿಕೊಳ್ಳುತ್ತ ಬಂದರೆ, ಅವರು ಮೈಸೂರುಪಾಕು ಹಿಡಿದು ನಿಂತಿದ್ದರು.

“ತಗೊಳವ್ವ! ಎರಡಿದ್ದಿದ್ದು ಒಂದೇ ದಿನಕ್ಕೆ ಹದಿನಾಲ್ಕಾಗೋಯ್ತು! ಇಂಗೇ ಏರಿಸಪ್ಪಾ ಅಂತ ನಮ್ಮ ಆಂಜನೇಯನಿಗೆ ಹೇಳ್ಕಂಡಿದ್ದೆ.”

ಸಂಗಮೇಶ್ ಹಣೆ ಚಚ್ಚಿಕೊಂಡ. “ಅಣ್ಣಾರ, ಇದು ಪೆಟ್ಟಿಗಿ ಲೆಕ್ಕ ಅಲ್ರೀ! ಸಾಲಿ ರ್‍ಯಾಂಕ್ ಇದ್ದಂಗ. ಒಂದು ಬಂದ್ರ ಗೆದ್ದಂಗ!”

“ಅಯ್ಯೋ! ಅಂಗಾದ್ರೆ ನಾನೇ ಬೀಳಿಸ್ಬಿಟ್ನಾ?”

ಮಹಾನಂದಾಳಿಗೆ ಅಳುವಿನ ನಡುವೆಯೇ ನಗೆ ಬಂತು. “ಇರ್ಲಿ ಬಿಡ್ರಿ. ನಿಮ್ಮ ದೇವರು ಭಾಳ ಜೋರ ಅದಾನ. ಇವತ್ತ ಹೋಗಿ ತಿರುಗಿ ಬೇಡ್ಕೊಳ್ರಿ.”

ಆ ಸಂಜೆ ಲಕ್ಷ್ಮಯ್ಯನವರು ಗುಡಿಯ ಮುಂದೆ ಕಂಡಕಂಡವರಿಗೆಲ್ಲ ತಮ್ಮ ತಪ್ಪನ್ನು ಒಪ್ಪಿಸಿದರು. ಯಾರೋ ಅದನ್ನು ವಿಡಿಯೋ ಮಾಡಿ ಹರಿಬಿಟ್ಟರು. ನೋಡಿದವರು ಬಿದ್ದು ಬಿದ್ದು ನಕ್ಕರು. ನಕ್ಕವರೆಲ್ಲ ಅದಾವ ಹಾಡೆಂದು ಹುಡುಕಿ ಕೇಳಿದರು. ಕೇಳಿದವರು ಬಂಧುಗಳಿಗೆ ಕಳುಹಿಸಿದರು.

ಶುಕ್ರವಾರ ಲಕ್ಷ್ಮಯ್ಯನವರು ಹಲಗೆಯ ಉದ್ದಕ್ಕೂ ಒಂದೇ ಒಂದು ಅಂಕಿಯನ್ನು ಬರೆದರು. ವಿಭಾಗವೆಲ್ಲ ಖಾಲಿ ಪೆಟ್ಟಿಗೆಗಳನ್ನು ಬಡಿದು ಸಂಭ್ರಮಿಸಿತು. ಮಹಾನಂದಾ ಊರಿಗೆ ಕರೆ ಮಾಡಿದಳು.

“ಅವ್ವಾ, ಒಂದನೇ ನಂಬರ ಬಂತು!”

“ಬರಲಿ. ಮೂರನೇ ನುಡಿ ಯಾಕ ನುಂಗಿದಿ? ಕಲಿಸೋ ಹೊತ್ತಿನಾಗ ನಿದ್ದಿ ಹೊಡೀತಿದ್ದೇನು?”

“ನೀನ ಬಂದು ಹಾಡವಾ. ಸ್ಟುಡಿಯೋದವ್ರು ಕರದಾರ.”

ಆಚೆ ಕಡೆ ದೇವಕ್ಕ ಗಂಟಲು ಸರಿಮಾಡಿಕೊಂಡಳು. “ಸ್ಟೇಷನ್ನಿಗೆ ಬಸಲಿಂಗನ್ನ ಕಳಿಸು. ಮತ್ತ ಅಲ್ಲಿ ಫ್ಯಾನ್ ಹಾಕಬ್ಯಾಡ್ರಿ ಅಂತ ಹೇಳು, ದನಿ ಕಟ್ತದ.”

ಆ ತಾಯಿಯ ಕಂಠಕ್ಕೆ ಶಿವನು ಕಸುವನ್ನೀಯಲಿ. ಮಗಳ ಕೈಗೆ ದಣಿವು ತಾಗದಿರಲಿ. ಬಸಲಿಂಗನ ದುಡಿಮೆ ಹಸನಾಗಲಿ. ಆ ಒಂದು ಕೋಣೆಯ ಮನೆಯಲ್ಲಿ ಅನ್ನವೂ ಆಯುಷ್ಯವೂ ಹಾಡೂ ತುಂಬಿ ತುಳುಕಲಿ.